ಮಗ್ಗದ ಪಕ್ಕದಲ್ಲಿ ಕುಳಿತ ಗುರುಗಳು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇಂದು ಶ್ರುತಿ ಸೇರಿಸಿ ಹಾಡಬಲ್ಲವರು ಯಾರೇ ಸಿಕ್ಕಲಿ, ಅವರ ಗುರುವೋ ಗುರುವಿನ ಗುರುವೋ ಸಂಗೀತದ ಏಕಾಂತಪ್ಪನವರೇ ಆಗಿರುತ್ತಾರೆ. ಅರಮನೆಯ ಆಶ್ರಯವಾಗಲಿ ಶಾಲೆಯ ಹುದ್ದೆಯಾಗಲಿ ಇಲ್ಲದೆ ಇಷ್ಟು ವರ್ಷ ಮನೆಮನೆಗೆ ನಡೆದು ಪಾಠ ಹೇಳಿದ ಪೂಜ್ಯರು, ಮೊಣಕಾಲು ಮಾತು ಕೇಳುತ್ತಿಲ್ಲವೆಂದು, ಈ ಅರವತ್ತನೆಯ ವಯಸ್ಸಿನಲ್ಲಿ ತಿರುಗಾಟ ನಿಲ್ಲಿಸಿದ್ದಾರೆ. ಅವರ ವಿದ್ವತ್ತನ್ನು ಹೊಗಳಲು ಈ ಅಭಿನಂದನಾ ಸಂಪುಟದಲ್ಲಿ ದೊಡ್ಡವರಿದ್ದಾರೆ. ನಾನು ಬರೆಯುವುದು ಅವರು ಮಾಡಿದ ಒಂದು ತಪ್ಪಿನ ವಿಷಯ. ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ.

ಅವರದು ಚಳ್ಳಕೆರೆಯ ಕಂಬಳಿ ವ್ಯಾಪಾರದ ಮನೆತನ. ಅಂಗಡಿಯಲ್ಲಿ ಕೂರಬೇಕಾದ ಮಗ ಹದಿನೇಳನೆಯ ವಯಸ್ಸಿನಲ್ಲಿ ಅನಂತಪುರದ ಕಡೆಯ ವಿದ್ವಾಂಸರೊಬ್ಬರ ಮನೆ ಸೇರಿ, ಒಂಬತ್ತು ವರ್ಷ ನೀರು ಹೊತ್ತು, ಬೈಸಿಕೊಂಡು, ಏಟು ತಿಂದು ಕಲಿತರು. ಕಲಿತ ಹಾಗೆಯೇ ಕಲಿಸತೊಡಗಿದರು. ತಾಳ ತಪ್ಪಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಸಾವಿರದ ಒಂಬೈನೂರ ಒಂಬತ್ತರಲ್ಲಿ ನನಗೆ ಹನ್ನೊಂದು ವರ್ಷ. ಮೊಳಕಾಲ್ಮೂರಿನ ನೇಕಾರರ ಮಕ್ಕಳಾದ ನಮಗೆಲ್ಲ ನಮ್ಮ ಕೇರಿಯ ಕಾಟಪ್ಪನವರ ಮನೆಯ ಪಡಸಾಲೆಯಲ್ಲಿ ಒಟ್ಟಿಗೆ ಪಾಠ. ಎಲ್ಲರೂ ತಾಳಕ್ಕೆ ಸರಿಯಾಗಿ ಹಾಡು ಎತ್ತಿಕೊಂಡರೆ ನಾನೊಬ್ಬಳು ಅರ್ಧ ಎಣಿಕೆ ತಡವಾಗಿ ಬರುತ್ತಿದ್ದೆ. ಆರು ತಿಂಗಳು ಗದರಿಸಿ ನೋಡಿದ ಗುರುಗಳು ಒಂದು ದಿನ ಎಲ್ಲರೆದುರಿಗೆ, “ನಿನಗೆ ಈ ಜನ್ಮದಾಗೆ ತಾಳ ಬರಲ್ಲ. ನಾಳೆಯಿಂದ ಬರಬ್ಯಾಡ” ಅಂದುಬಿಟ್ಟರು. ನನಗೆ ಹಾಡೆಂದರೆ ಪ್ರಾಣ. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಆ ಮಾತನ್ನು ನನ್ನ ತಂದೆ ಚಿತ್ತಯ್ಯನವರಿಗೂ ತಿಳಿಸಿ ಹೋಗೋಣವೆಂದು ಗುರುಗಳು ನಮ್ಮ ಮನೆಗೆ ಬಂದರು. ನಾವು ಮಗ್ಗದಲ್ಲಿದ್ದೆವು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣದ ಸೀರೆಗೆ ಇಬ್ಬರು ಬೇಕು. ತಂದೆ ಒಡಲಿನ ಲಾಳಿ ಎಸೆಯುವರು, ಅದು ನನ್ನ ಕಡೆಗೆ ಬಂದು ನಿಂತ ಮೇಲೆ ನಾನು ಅಂಚಿನ ಲಾಳಿ ಎಸೆಯಬೇಕು. ಗುರುಗಳು ಬಹಳ ಹೊತ್ತು ನೋಡಿದರು.

“ಹುಡುಗಿ ಯಾಕೆ ಪ್ರತಿ ಸಲ ತಡೆದು ಎಸೀತಾಳೆ, ಚಿತ್ತಯ್ಯ?”

“ನನ್ನ ಲಾಳಿ ಬಂದ ಮ್ಯಾಲೆ ತಾನೇ ಅಯ್ಯೋರೇ ಅವಳು ಎಸೆಯೋದು? ಮುಂಚೆ ಎಸೆದ್ರೆ ನೂಲು ಸಿಕ್ಕಾಕ್ಕಂತೈತೆ. ಐದು ವರ್ಷ ಆತು, ಒಂದು ಸಲಾನೂ ತಪ್ಪಿಲ್ಲ ನನ್ನ ಮಗಳು.”

ಗುರುಗಳ ಮುಖ ಸಣ್ಣದಾಯಿತು. ನೆಲದ ಮೇಲೆ ನನ್ನ ಪಕ್ಕಕ್ಕೆ ಬಂದು ಕುಳಿತು, “ತಪ್ಪು ನಂದೈತವ್ವ. ಹಾಡ್ತೀಯಾ?” ಎಂದರು. ನಾನೂ ಹಟಮಾರಿಯೇ, ಬಾಯಿ ಬಿಡಲಿಲ್ಲ. ಎಂಟು ದಿನ ಅವರು ಬಂದು ಸುಮ್ಮನೆ ಕುಳಿತು ಹೋದರು. ಒಂಬತ್ತನೆಯ ದಿನ, ತಾಳ ಬಿದ್ದು ಅರ್ಧ ಎಣಿಕೆಯಾದ ಮೇಲೆ ಆರಂಭವಾಗುವ ಒಂದು ಕೃತಿಯನ್ನು ಹಾಡಿ ತೋರಿಸಿ, “ತಾಳ ಬೀಳ್ಲಿ, ಲಾಳಿ ಬಂತು ಅಂದ್ಕ. ಆಮ್ಯಾಲೆ ಎತ್ಕ” ಎಂದರು. ಎತ್ತಿಕೊಂಡೆ. ಮೊದಲ ಸಲಕ್ಕೇ ಸರಿಹೋಯಿತು. ತಂದೆ ಮಗ್ಗ ನಿಲ್ಲಿಸಿ ಕೇಳಿದರು. ಉಳಿದ ಹಾಡುಗಳು ಹತ್ತಲು ಇನ್ನೊಂದು ವರ್ಷ ಬೇಕಾಯಿತು, ಅದು ಬೇರೆ ಮಾತು.

ಅಂದಿನಿಂದ ಪೂಜ್ಯರು ಪಡಸಾಲೆಯ ಪಾಠವನ್ನು ಬಿಟ್ಟರು. ಶಿಷ್ಯರ ಮನೆಗೆ ತಾವೇ ಹೋಗಿ, ಅವರು ದಿನವೆಲ್ಲ ಮಾಡುವ ಕೆಲಸವನ್ನು ನೋಡಿ, ಆಮೇಲೆ ಸ್ವರ ಹೇಳಿಕೊಡುತ್ತಿದ್ದರು. ನಮ್ಮೂರ ಹತ್ತಿರದ ಸಿದ್ದಾಪುರದ ಗುಡ್ಡಗಳಲ್ಲಿ ಕುರಿಗಳನ್ನು ಕೂಗಿ ಕೂಗಿ ಮೇಲಿನ ಸ್ಥಾಯಿಯಿಂದ ಇಳಿಯಲಾರದ ಕುರಿಗಾಹಿ ದೊಡ್ಡೀರಪ್ಪನನ್ನು ಅವನು ಕುರಿ ಕಾಯುವ ಬಂಡೆಯ ಮೇಲೇ ಕೂರಿಸಿ ಪಾಠ ಹೇಳಿದರು.

ಈಗ ನಾನೂ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುತ್ತೇನೆ. ಗುರುಗಳು ಇನ್ನೂ ಬಹುಕಾಲ ಆರೋಗ್ಯದಿಂದಿರಲಿ, ನಾವೇ ಅವರ ಮನೆ ಬಾಗಿಲಿಗೆ ಹೋಗಿ ಕಲಿಯುವ ಭಾಗ್ಯ ನಮಗಿರಲಿ ಎಂದು ಮನಸಾರೆ ಬೇಡುತ್ತೇನೆ. ಒಂದು ಮಾತು ಮುಚ್ಚಿಡಲಾರೆ. ಹೋದ ವಾರ ಮೂಗಮ್ಮನೆಂಬ ಹುಡುಗಿಗೆ, ಶ್ರುತಿ ನಿಲ್ಲುವುದಿಲ್ಲವೆಂದು ರೇಗಿ, ನಾಳೆಯಿಂದ ಬರಬೇಡ ಎಂದುಬಿಟ್ಟೆ. ಅವಳು ಮನೆಯಲ್ಲಿ ಏನು ಕೆಲಸ ಮಾಡುತ್ತಾಳೆಂದು ಕೂಡ ನನಗೆ ಗೊತ್ತಿಲ್ಲ. ಏಕಾಂತಪ್ಪನವರ ಶಿಷ್ಯೆ ಎಂದು ಈ ಲೇಖನದ ಕೆಳಗೆ ಹೆಸರು ಹಾಕುವ ಮೊದಲು ಅವಳ ಮನೆಗೆ ಹೋಗಿ ಬರುತ್ತೇನೆ.