ಇಲಿ ಬಿದ್ದ ಮನೆ

ಮಲ್ಲಿಗಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ, ಒಂದು ಬೆಳಗ್ಗೆ, ಅವರ ಮನೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆಯ ಹಿಂದೆ ಇಲಿ ಸತ್ತು ಬಿದ್ದಿತ್ತು. ಸುತ್ತಮುತ್ತಲ ಊರುಗಳಲ್ಲಿ ಪ್ಲೇಗು ಓಡಾಡುತ್ತಿದ್ದ ಚಳಿಗಾಲ ಅದು. ಸತ್ತ ಇಲಿ ಯಾರ ಮನೆಯಲ್ಲಿ ಕಂಡರೂ ಕೂಡಲೇ ಗೌಡರಿಗೆ ತಿಳಿಸಬೇಕು, ತಮಟೆ ಹೊಡೆಸಬೇಕು, ಊರಿಗೆ ಊರೇ ಸಂಜೆಯೊಳಗೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಮಕ್ಕಳಿಗೂ ಗೊತ್ತಿದ್ದ ಕಟ್ಟಳೆ. ಆದರೆ ಒಳಕೋಣೆಯಲ್ಲಿ ಅವಳ ಅವ್ವ ಐದು ದಿನದ ಬಾಣಂತಿ. ಹೊರಗಿನ ಗಾಳಿ ತಾಕಿದರೆ ಬಾಣಂತಿ ಉಳಿಯುವುದಿಲ್ಲವೆಂದು ಅಜ್ಜಿ ಬಾಗಿಲ ಸಂದಿಗೂ ಬಟ್ಟೆ ತುರುಕಿದ್ದಳು. ಹುಡುಗಿ ವಾಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇಲಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಗೋಡೆಯಾಚೆ ಪಕ್ಕದ ಮನೆಯವರ ತಿಪ್ಪೆಗೆ ಎಸೆದು ಬಂದಳು.

ನಾಲ್ಕನೆಯ ದಿನ ಅವ್ವನಿಗೆ ಜ್ವರ ಬಂದು ಕಂಕುಳಲ್ಲಿ ಗಡ್ಡೆ ಎದ್ದಿತು. ಅದೇ ದಿನ ಪಕ್ಕದ ಮನೆಯ ಚನ್ನಪ್ಪನಿಗೂ ಜ್ವರ. ಊರವರು ಹುಡುಕಿದಾಗ ಇಲಿ ಸಿಕ್ಕಿದ್ದು ಚನ್ನಪ್ಪನ ತಿಪ್ಪೆಯಲ್ಲಿ. ಗೌಡರು ದೂರದಲ್ಲೇ ನಿಂತು ಅವನನ್ನು ಬೀದಿಗೆ ಕರೆಸಿ ಕೇಳಿದರು. ಅವನು ನಡುಗುತ್ತ, ಕೈಯಲ್ಲಿದ್ದ ಕೂಸಿನ ತಲೆ ಮುಟ್ಟಿ, ನಮ್ಮ ಮನೆಯಲ್ಲಿ ಇಲಿ ಬಿದ್ದಿಲ್ಲ ಎಂದು ಆಣೆ ಮಾಡಿದ. ಯಾರೂ ನಂಬಲಿಲ್ಲ. ಮಲ್ಲಿಗಮ್ಮ ತಮ್ಮ ಜಗಲಿಯ ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ವಾರದೊಳಗೆ ಅವ್ವ, ಹೆಸರಿಡದ ತಮ್ಮ, ಚನ್ನಪ್ಪ, ಅವನ ಹೆಂಡತಿ, ಆ ಬೀದಿಯ ಇನ್ನೂ ಏಳು ಜನ ಹೋದರು. ಚನ್ನಪ್ಪ ಆಣೆಗೆ ಮುಟ್ಟಿದ ಕೂಸು ಉಳಿಯಿತು. ಅದೇ ಬೋರಪ್ಪ.

ಸೋದರತ್ತೆಯೊಬ್ಬಳು ಸಾಕಿದಳು. ಮಾತು ಕಲಿಯುವ ಮೊದಲೇ ಊರು ಅವನಿಗೆ ಇಲಿ ಬೋರ ಎಂದು ಹೆಸರಿಟ್ಟಿತ್ತು. ಇಲಿ ಮುಚ್ಚಿಟ್ಟು ಹನ್ನೊಂದು ಜನರನ್ನು ತಿಂದವನ ಮಗನಿಗೆ ಹೆಣ್ಣು ಕೊಡಲು ಕಟ್ಟಾಯ ಹೋಬಳಿಯಲ್ಲಿ ಯಾರೂ ಸಿಗಲಿಲ್ಲ. ಅವನು ಒಂಟಿಯಾಗಿ ದುಡಿದ, ಒಂಟಿಯಾಗಿಯೇ ಮುದುಕನಾದ.

ಮಲ್ಲಿಗಮ್ಮ ಹುಟ್ಟಿದ್ದೂ ಅದೇ ಊರಲ್ಲಿ, ಸೋದರಮಾವನ ಮಗನಿಗೆ ಕೊಟ್ಟಿದ್ದೂ ಅದೇ ಊರಲ್ಲಿ. ನಾಲ್ಕು ಹೆತ್ತಳು, ಒಂದನ್ನು ಕಳೆದುಕೊಂಡಳು, ಗಂಡನನ್ನು ಮಣ್ಣು ಮಾಡಿದಳು. ಬೋರಪ್ಪನ ಅತ್ತೆ ಸತ್ತ ಮಾರನೆಯ ದಿನದಿಂದ ಬೆಳಗಿನ ಊಟವನ್ನು ಅವನಿಗೆ ತನ್ನ ಜಗಲಿಯಲ್ಲೇ ಇಕ್ಕುತ್ತಿದ್ದಳು. ಐವತ್ತು ವರ್ಷ. ಅವನಿಗೆ ಹೇಳಿಬಿಡಬೇಕೆಂದು ತಟ್ಟೆ ಹಿಡಿದು ಎಷ್ಟೋ ಸಲ ಹೊರಗೆ ಬಂದದ್ದುಂಟು. ಹೇಳಲಾಗದೆ ಇನ್ನೊಂದು ಮುದ್ದೆ ಇಟ್ಟು ಒಳಗೆ ಹೋಗುತ್ತಿದ್ದಳು. ಊರವರು ಅದನ್ನು ದೊಡ್ಡ ಮನಸ್ಸು ಅಂದರು. ಅವಳಿಗೆ ಎಂಬತ್ತಾರು ತುಂಬಿತು, ಅವನಿಗೆ ಎಪ್ಪತ್ತೆಂಟು. ಇಬ್ಬರಲ್ಲಿ ಯಾರು ಮೊದಲು ಹೋದರೂ ಆ ಮಾತು ಮಣ್ಣಿಗೆ ಹೋಗುತ್ತದೆ ಎಂಬುದು ಅವಳ ನಿದ್ದೆಯನ್ನು ಕೆಡಿಸುತ್ತಿತ್ತು.

ತೊಂಬತ್ತಾರನೆಯ ಇಸವಿಯ ಫೆಬ್ರವರಿಯಲ್ಲಿ ಹಾಸನದಿಂದ ಪ್ರೇಮಕುಮಾರಿ ಬಂದರು. ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದವರು. ಮಲ್ಲಿಗಮ್ಮನ ಮೊಮ್ಮಗಳು ಸೌಜನ್ಯಳ ಮೇಡಂ. ಇಂಗ್ಲೆಂಡಿನಲ್ಲಿ ಸಂಸಾರವಂದಿಗರು ಶನಿವಾರ ಭಾನುವಾರ ಹಳೆಯ ಬಂಗಲೆಯೊಂದರಲ್ಲಿ ಸೇರಿ, ನಾನೂರೈವತ್ತು ವರ್ಷದ ಹಿಂದಿನ ಟ್ಯೂಡರ್ ದೊರೆಗಳ ಕಾಲದ ಬಟ್ಟೆ ತೊಟ್ಟು, ತಾವೇ ರೊಟ್ಟಿ ಸುಟ್ಟು, ಹುಲ್ಲಿನ ಹಾಸಿಗೆಯಲ್ಲಿ ಮಲಗಿ, ಮುಳ್ಳುಚಮಚೆಯಿಲ್ಲದೆ ಕೈಯಲ್ಲಿ ಉಣ್ಣುತ್ತಾರೆಂದು ಅವರು ಒಂದು ಪತ್ರಿಕೆಯಲ್ಲಿ ಓದಿದ್ದರು. ಕೈಯಲ್ಲಿ ಉಣ್ಣುವುದೇ ಇತಿಹಾಸವಾದರೆ ನಮ್ಮ ಮನೆಯಲ್ಲಿ ದಿನವೂ ಇತಿಹಾಸ ಎಂದು ಸೌಜನ್ಯ ನಕ್ಕಿದ್ದಳು. ಆದರೂ ಮೇಡಂಗೆ ಆ ಯೋಚನೆ ಹಿಡಿದುಬಿಟ್ಟಿತು. ಅಷ್ಟು ಹಿಂದಕ್ಕೆ ಹೋದರೆ ಹೇಳಿಕೊಡುವವರಿಲ್ಲ. ಬದುಕಿರುವವರ ನೆನಪಿನಲ್ಲಿ ಉಳಿದಿರುವಷ್ಟು ಹಿಂದಕ್ಕೆ ಹೋಗೋಣ, ಅಜ್ಜಿ ಹುಡುಗಿಯಾಗಿದ್ದ ಕಾಲಕ್ಕೆ, ಎಂದರು. ವಿದ್ಯಾರ್ಥಿನಿಯರ ಆರು ಸಂಸಾರಗಳು ದೇವರಾಜನ ಮನೆಗೆ ಬರುವುದೆಂದಾಯಿತು. ದೇವರಾಜ ಮಲ್ಲಿಗಮ್ಮನ ಮಗ; ತೊಟ್ಟಿ ಮನೆಯನ್ನು ಇನ್ನೂ ಕೆಡವಿರಲಿಲ್ಲ.

ಶನಿವಾರ ಚೆನ್ನಾಗಿಯೇ ಕಳೆಯಿತು. ಕರೆಂಟು ತೆಗೆಸಿ ಹರಳೆಣ್ಣೆಯ ದೀಪ ಇಟ್ಟಿದ್ದರು. ಹಾಸನದ ಹೆಂಗಸರು ಬೀಸುವ ಕಲ್ಲಿನ ಗೂಟ ಹಿಡಿದು ಅಂಗೈ ಬೊಬ್ಬೆ ಮಾಡಿಕೊಂಡರು. ಮಲ್ಲಿಗಮ್ಮ ನಡುವೆ ಕೂತು, ಅಂಗಲ್ಲ, ಇಂಗೆ, ಎಂದು ಎಲ್ಲರ ಕೈ ತಿದ್ದಿದಳು. ಕೇದಾರ್ ಎಂಬ ಬ್ಯಾಂಕಿನವರು ಕಾಫಿಯಿಲ್ಲದೆ ತಲೆ ಹಿಡಿದುಕೊಂಡು, ಹನ್ನೊಂದು ಗಂಟೆಗೆ ಸ್ಕೂಟರಿನಲ್ಲಿ ಕಟ್ಟಾಯಕ್ಕೆ ಓಡಿ ಹೋಗಿ ಕುಡಿದು ಬಂದರು. ಬಾಯಿಯ ಕಾಫಿ ವಾಸನೆಯಿಂದ ಮಗಳಿಗೇ ಸಿಕ್ಕಿಬಿದ್ದರು.

ಸಂಜೆ ಪ್ರೇಮಕುಮಾರಿ ಕರಿಬಟ್ಟೆಯಲ್ಲಿ ಹೊಲಿದ ಒಂದು ಇಲಿಯನ್ನು ಚೀಲದಿಂದ ತೆಗೆದರು. ಭಾನುವಾರ ಬೆಳಗ್ಗೆ ಆಟ. ಇಲಿ ಸಿಕ್ಕುತ್ತದೆ, ಊರು ಹುಡುಕುತ್ತದೆ, ಮುಚ್ಚಿಟ್ಟ ಮನೆಯ ಯಜಮಾನನನ್ನು ಗೌಡರು ವಿಚಾರಿಸುತ್ತಾರೆ, ಕೊನೆಗೆ ಎಲ್ಲರೂ ಗಂಟುಮೂಟೆ ಹೊತ್ತು ಹೊಲದ ಗುಡಿಸಲಿಗೆ. ಕಥೆಯನ್ನು ಅವರು ಊರವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದರು. ಬೋರಪ್ಪನನ್ನೂ ಕೇಳಿದ್ದರಂತೆ. ಅವನು ಹೇಳಿದ್ದು ಇಷ್ಟೇ: "ಮಾಡ್ಲಿ ಬುಡಿ ಮೇಡಂ. ಇಷ್ಟ್ ವರ್ಸ ಕಿವೀಲಿ ಕೇಳಿದ್ದೆ, ಒಂದಿನ ಕಣ್ಣಲ್ಲೂ ನೋಡ್ತೀನಿ."

ಮಲ್ಲಿಗಮ್ಮ ಬಟ್ಟೆಯ ಇಲಿಯನ್ನು ನೋಡಿದಳು.

"ಅದೊಂದು ಬ್ಯಾಡ ಕಣವ್ವ," ಎಂದಳು.

ಕಾಯಿಲೆ ಮುಚ್ಚಿಟ್ಟರೆ ಏನಾಗುತ್ತದೆಂದು ಮಕ್ಕಳಿಗೆ ತಿಳಿಯಬೇಕಲ್ಲ ಅಜ್ಜಿ ಎಂದು ಪ್ರೇಮಕುಮಾರಿ ಸಮಾಧಾನ ಹೇಳಿದರು.

ಭಾನುವಾರ ಬೀದಿಯ ತುಂಬ ಊರಿನವರೂ ಸೇರಿದರು. ದೇವರಾಜ ಪೇಟ ಸುತ್ತಿ ಗೌಡನಾದ. ಚನ್ನಪ್ಪನಾದವರು ಕೇದಾರ್. ಕಂಬಳಿ ಹೊದ್ದು, ಬೊಂಬೆಯೊಂದನ್ನು ಕೂಸಿನಂತೆ ಹಿಡಿದು, ಇಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಂದರು. ಬಾಲ ಹೊರಗೆ ಇಣುಕುತ್ತಿತ್ತು. ದೇವರಾಜ ಕೇಳಿದಾಗ ಬೊಂಬೆಯ ತಲೆಯ ಮೇಲೆ ಕೈಯಿಟ್ಟು, ದೇವರಾಣೆಗೂ ಇಲ್ಲ ಗೌಡ್ರೇ ಎಂದು ಮಕ್ಕಳ ಕಡೆ ಕಣ್ಣು ಹೊಡೆದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಊರಿನವರೂ ನಕ್ಕರು. ಎದುರಿನ ಕಟ್ಟೆಯ ಮೇಲೆ ಕೂತಿದ್ದ ಬೋರಪ್ಪ ಟವೆಲ್ಲನ್ನು ಮಡಿಸಿ ಬಿಚ್ಚಿ ಮಡಿಸುತ್ತಿದ್ದ.

ಮಲ್ಲಿಗಮ್ಮ ಜಗಲಿಯಿಂದ ಇಳಿದು ಕೋಲೂರಿಕೊಂಡು ಬೀದಿಯ ನಡುವೆ ಬಂದು ನಿಂತಳು. ನಗು ನಿಂತಿತು.

"ಆ ಇಲಿ ಚನ್ನಪ್ಪನ ಮನೇದಲ್ಲ. ನಮ್ಮನೇಲಿ ಬಿದ್ದಿದ್ದು. ನಾನೇ ಎತ್ಕಂಡೋಗಿ ಅವರ ತಿಪ್ಪೆಗೆ ಎಸ್ದೆ. ಅವ್ನು ಮಾಡಿದ್ದು ನಿಜ್ವಾದ ಆಣೆ."

ಹಾಸನದ ಹೆಂಗಸೊಬ್ಬರು ಚಪ್ಪಾಳೆ ತಟ್ಟಿದರು, ಮಕ್ಕಳು ತಟ್ಟಿದರು, ಊರೂ ತಟ್ಟಿತು. ಅಜ್ಜಿ ನನ್ನ ಪ್ರಾಣ ಉಳಿಸಿದರು ಎಂದು ಕೇದಾರ್ ಕೈ ಮುಗಿದರು. ಕಣ್ಣು ಒದ್ದೆ ಮಾಡಿಕೊಂಡ ಪ್ರೇಮಕುಮಾರಿ, ಆಟಕ್ಕೆ ಇಂಥ ತಿರುವು ತನಗೆ ಹೊಳೆದೇ ಇರಲಿಲ್ಲ ಎಂದು ಸೌಜನ್ಯಳ ಕೈ ಹಿಡಿದು ಹೇಳಿದರು. ಅಷ್ಟರಲ್ಲಿ ತಮಟೆ ಶುರುವಾಯಿತು. ಎಲ್ಲರೂ ಚಾಪೆ ಮಡಕೆ ಹೊತ್ತು ಹೊಲದ ಕಡೆ ಹೊರಟರು. ನಿಜ ಕಣ್ರೋ, ನಿಜ, ಎಂದು ಅವಳು ಇನ್ನೆರಡು ಸಲ ಹೇಳಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ನಾಲ್ಕು ಗಂಟೆಗೆ ಹಾಸನದವರ ವ್ಯಾನು ಹೋಯಿತು. ಬೆಳಗಿನ ಊಟ ತಪ್ಪಿದ್ದರಿಂದ ಬೋರಪ್ಪ ಆಗ ಜಗಲಿಗೆ ಬಂದ. ಅವಳು ಮುದ್ದೆ, ಅವರೆಕಾಳಿನ ಸಾರು ಇಕ್ಕಿದಳು. ಅವನು ಮುದ್ದೆ ಮುರಿದು ಅವಳ ಮುಖ ನೋಡಿದ.

"ಯಾಕಕ್ಕ ಅಂಗಂದ್ಬುಟ್ಟೆ? ನನ್ ಮ್ಯಾಲಿನ ಕನಿಕರಕ್ಕೆ ಅಪವಾದಾನ ನಿನ್ ತಲೆ ಮ್ಯಾಕೆ ಎಳ್ಕಂಡ್ಯಲ್ಲ."

"ಕನಿಕರ ಅಲ್ಲ ಕಣ್ಲಾ ಬೋರ."

"ಬುಡು ಬುಡು. ಐವತ್ ವರ್ಸ ಇಕ್ಕಿದ್ದೀಯ. ನಿನ್ ಕೈ ಎಂಥದು ಅಂತ ನಂಗೆ ಗೊತ್ತಿಲ್ವಾ?"

ಅವನು ನಗುತ್ತಿದ್ದ. ಅಷ್ಟು ಪ್ರೀತಿಯಿಂದ ಅವನು ನಕ್ಕದ್ದನ್ನು ಅವಳು ನೋಡಿರಲಿಲ್ಲ. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬೀದಿಯ ನಡುವೆ ಹೇಳಿಯಾಗಿದೆ, ಅವನೇ ನಂಬುತ್ತಿಲ್ಲ. ಅವಳು ಕಂಬಕ್ಕೆ ಒರಗಿ ಕೂತಳು.

"ಬರೀ ಕೈಯಲ್ಲಿ ಮುಟ್ಟಕ್ಕೆ ಎದ್ರಿ ಅವ್ವನ ಅಳೇ ಸೀರೇಲಿ ಒಂದು ಚೂರು ಅರ್ದು ಇಲಿಗೆ ಸುತ್ತಿದ್ದೆ. ಅಸ್ರು ಚೌಕಳಿ."

ಬೋರಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅವನನ್ನು ಸಾಕಿದ ಸೋದರತ್ತೆ ಅವನು ಹುಡುಗನಾಗಿದ್ದಾಗ ಮತ್ತೆ ಮತ್ತೆ ಹೇಳುತ್ತಿದ್ದ ಮಾತೊಂದಿತ್ತು. ಚನ್ನಪ್ಪ ಜ್ವರದಲ್ಲಿ ಕೊನೆಯ ತನಕ ಅದನ್ನೇ ಅಂದಿದ್ದನಂತೆ: ಇಲಿಗೆ ಹಸಿರು ಚೌಕಳಿ ಬಟ್ಟೆ ಸುತ್ತಿತ್ತು, ನಮ್ಮ ಮನೆಯಲ್ಲಿ ಅಂಥ ಸೀರೆ ಯಾರಿಗಿದೆ, ಯಾರಾದರೂ ನೋಡಿ ಎಂದು. ಇಲಿ ಕಂಡ ಮೇಲೆ, ಆ ಬಟ್ಟೆ ಯಾರ ಮನೆಯದೆಂದು ನೋಡಲು ಯಾರೂ ಹತ್ತಿರ ಬರಲಿಲ್ಲ. ಅತ್ತೆ ಸತ್ತ ಮೇಲೆ ಆ ಮಾತು ಬೋರಪ್ಪನೊಬ್ಬನ ಹತ್ತಿರ ಉಳಿದಿತ್ತು. ಹೇಳಿದರೆ ಇದನ್ನೂ ಕಟ್ಟಿ ಹೇಳುತ್ತಾನೆ ಎನ್ನುತ್ತಾರೆಂದು ಅವನು ಯಾರಿಗೂ ಹೇಳಿರಲಿಲ್ಲ.

ಅವನು ಕೇಳಿದ: "ನಮ್ಮಪ್ಪ ನನ್ ತಲೆ ಮುಟ್ಟಿ ಆಣೆ ಮಾಡ್ದಾಗ ನೀನೆಲ್ಲಿದ್ದೆ?"

"ನಮ್ಮಪ್ಪನ ಮನೆ ಜಗಲೀಲಿ. ಕಂಬದ ಇಂದೆ."

"ಕೇಳುಸ್ತಾ?"

"ಕೇಳುಸ್ತು."

ಅವನು ಎದ್ದ. ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು, ಚೊಂಬಿನ ನೀರಿನಲ್ಲಿ ಕೈ ತೊಳೆದುಕೊಂಡ. ಒಂಬತ್ತು ವರ್ಷದ ಕೂಸು ನೀನು, ನಿಮ್ಮವ್ವನೂ ಉಳೀಲಿಲ್ಲ, ಎಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೆಟ್ಟಿಲಿಳಿದ ಮೇಲೆ, ತಿರುಗದೆಯೇ, "ಆಮ್ಯಾಕೆ ದೊಡ್ಡೋಳಾದ್ಯಲ್ಲಕ್ಕ," ಎಂದು ಹೊರಟುಹೋದ.

ಮಾರನೆಯ ಬೆಳಗ್ಗೆ ಅವನು ಊಟಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ತಾನೇ ಒಲೆ ಹಚ್ಚಿಕೊಳ್ಳುತ್ತಿದ್ದನೆಂದು ಊರವರು ಹೇಳಿದರು. ಮಲ್ಲಿಗಮ್ಮ ತಟ್ಟೆಯನ್ನು ಅವನ ಬಾಗಿಲಿಗೇ ಒಯ್ದು ಇಡತೊಡಗಿದಳು. ಸಂಜೆ ಅದಕ್ಕೆ ಇರುವೆ ಮುತ್ತಿರುತ್ತಿದ್ದವು. ಅವಳು ಮಗನಿಗೆ ಹೇಳಿದಳು. ನಾಟಕ ಮುಗೀತಲ್ಲವ್ವ ಎಂದು ದೇವರಾಜ ಅಂದ. ಅರಳಿಕಟ್ಟೆಯಲ್ಲಿ ಹೇಳಿದಳು. ವಯಸ್ಸಾಯ್ತು, ಆಟವನ್ನೇ ನಿಜ ಅಂದ್ಕಂಡವ್ಳೆ ಎಂದರು. ಕೇಳಿ ನಂಬಿದವನೊಬ್ಬ ಬೋರಪ್ಪ. ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಇನ್ನು ಯಾರಿಗೆ ಏಳಾನ, ನಮ್ಮಪ್ಪ ಬತ್ತಾನಾ ಕೇಳಕ್ಕೆ ಎಂದು ಸೌಜನ್ಯಳಿಗೆ ಒಮ್ಮೆ ಹೇಳಿದ್ದನಂತೆ. ಯಾವುದರ ಬಗ್ಗೆ ಎಂದು ಅವಳಿಗೆ ಆಗ ತಿಳಿಯಲಿಲ್ಲ.

ಆ ಬೇಸಿಗೆಯಲ್ಲಿ ಬೀದಿಯ ಹುಡುಗರು ಬೋರಪ್ಪನನ್ನು ಕಂಡಾಗಲೆಲ್ಲ ಇಲಿ ತಾತ, ಇಲಿ ತಾತ ಎಂದು ಕೂಗುತ್ತಿದ್ದರು. ಮಲ್ಲಿಗಮ್ಮ ಜಗಲಿಯಿಂದಲೇ ಕೋಲು ಬಡಿದು, ಇಲಿ ಬಿದ್ದಿದ್ದು ನಮ್ಮನೇಲಿ ಕಣ್ರೋ, ಅವ್ನ ಯಾಕೆ ಅಂತೀರಿ, ಎಂದು ಗದರುತ್ತಿದ್ದಳು. ಹುಡುಗರಿಗೆ ಅದು ಬಹಳ ಹಿಡಿಸಿತು. ಅವಳಿಗೆ ಇಲಿ ಅಜ್ಜಿ ಎಂದು ಹೆಸರಿಟ್ಟರು. ಅವನ ಹೆಸರನ್ನು ಬಿಡಲಿಲ್ಲ. ಸಾಯಂಕಾಲ ಬೋರಪ್ಪ ಹೊಲದಿಂದ ಬರುವ ಹೊತ್ತಿಗೆ ಎರಡು ಹೆಸರನ್ನೂ ಜೋಡಿಸಿ ಕೂಗುವರು. ಅವಳು ಎದ್ದು ನಿಂತು ಅವನ ಕಡೆ ನೋಡುವಳು. ಅವನು ಹಗ್ಗ ಹಿಡಿದು, ಹಸುವಿನ ಹಿಂದೆ, ಅವಳ ಜಗಲಿಯನ್ನು ದಾಟಿ ಹೋಗುವನು.