ಗಿರಣಿ ಬಿಡುವ ಹೊತ್ತಿಗೆ

ನಮ್ಮ ಡಾಕ್ಟರಮ್ಮನವರ ಕನ್ನಡಕಕ್ಕೆ ಒಂದು ಕಡೆಯ ಕಡ್ಡಿ ಇರಲಿಲ್ಲ. ಆ ಜಾಗದಲ್ಲಿ ಕರಿದಾರ ಕಟ್ಟಿ, ದಾರದ ತುದಿಯನ್ನು ತುರುಬಿಗೆ ಸುತ್ತಿ, ಮೇಲೊಂದು ಪಿನ್ನು ಚುಚ್ಚಿಕೊಳ್ಳುತ್ತಿದ್ದರು. ಹೊಸದು ಮಾಡಿಸಿಕೊಳ್ಳಿ ಎಂದರೆ, "ಇದಕ್ಕೇನಾಗಿದೆ ಕಣಮ್ಮ, ಕಾಣಿಸುತ್ತಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಅದನ್ನು ಕಿತ್ತು ಮೇಜಿನ ಮೇಲೆ ಇಡುತ್ತಿದ್ದರು. ಕನ್ನಡಕವಿಲ್ಲದೆ ಅವರಿಗೆ ಎದುರಿನ ಗೋಡೆಯೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಬೈಯುವಾಗ ಬೈಸಿಕೊಳ್ಳುವವರ ಮುಖ ಕಂಡರೆ ಬೈಯಲು ಆಗುವುದಿಲ್ಲವಂತೆ. ಆದ್ದರಿಂದ ಕನ್ನಡಕ ಮೇಜಿನ ಮೇಲಿದ್ದರೆ ನಾವೆಲ್ಲ ಏನಾದರೊಂದು ನೆಪ ಹೇಳಿ ಹೊರಗೆ ಜಾರಿಕೊಳ್ಳುತ್ತಿದ್ದೆವು.

ಹೆಂಗಸರು ಮಕ್ಕಳಿಗೆಂದು ಇದ್ದ ಒಂದು ಸಣ್ಣ ಡಿಸ್ಪೆನ್ಸರಿಗೆ ಅವರು ಡಾಕ್ಟರು. ನಾನು ಅಲ್ಲಿಗೆ ಹೆಲ್ತ್ ವಿಸಿಟರ್ ಆಗಿ ಸೇರಿದ್ದು ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು, ಕೂಸುಗಳನ್ನು ನೋಡಿಬರುವ ಕೆಲಸ. ನಮ್ಮದು ಮೈಸೂರಿನ ಆಚೆಗಿನ ಹಳ್ಳಿಯ ಬೇಸಾಯದ ಮನೆ. ಅವರು ಪೇಟೆಯ ಧಾನ್ಯದ ವ್ಯಾಪಾರಿಯ ಮಗಳು. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ಕೈಯಲ್ಲಿ ಗಂಡಸರ ಕೊಡೆ. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದವರಿಗೆ ಏನು ಉತ್ತರ ಸಿಕ್ಕಿತೆಂದು ಕೇಳುವ ಧೈರ್ಯವೂ ಇರಲಿಲ್ಲ.

ನಮ್ಮ ಬಳಿಗೆ ಬರುತ್ತಿದ್ದ ಕೂಸುಗಳು ಕೈಮೀರಿದ ಮೇಲೆಯೇ ಬರುತ್ತಿದ್ದವು. ಯಾಕೆ ಇಷ್ಟು ತಡ, ಅಷ್ಟರೊಳಗೆ ಮನೆಯಲ್ಲಿ ಅವುಗಳ ಬಾಯಿಗೆ ಏನೇನು ಔಷಧ ಬಿದ್ದಿರುತ್ತದೆ, ಇದನ್ನು ತಿಳಿಯಬೇಕೆಂದು ಡಾಕ್ಟರಮ್ಮ ಹಟ ಹಿಡಿದರು. ಮೇಲಿನವರಿಂದ ಒಪ್ಪಿಗೆ ತಂದರು. ಮೇಟಗಳ್ಳಿಯ ಕಡೆ ಗಿರಣಿ ಕೆಲಸಕ್ಕೆ ಹೋಗುವ ಹೆಂಗಸರೇ ತುಂಬಿದ್ದ ಒಂದು ಬೀದಿಯಿಂದ ಶುರುಮಾಡಿದೆವು. ಆ ಬೀದಿಯ ಹೆಸರನ್ನು ಅವರು ಎಲ್ಲಿಯೂ ಬರೆಯಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ವಿಚಾರಿಸುವುದಕ್ಕೆ ಅವರದೇ ಒಂದು ರೀತಿ ಇತ್ತು. ಮನೆಯೊಳಗೆ ಪೆನ್ನು ತೆಗೆಯಕೂಡದು. ಚಾಪೆ ಹಾಕಿದರೆ ಚಾಪೆ, ಇಲ್ಲದಿದ್ದರೆ ನೆಲ. ಕೊಟ್ಟ ಮಜ್ಜಿಗೆ ಕುಡಿಯಬೇಕು. ಹೇಳಿದ್ದನ್ನು ತಲೆಯಲ್ಲಿ ಇಟ್ಟುಕೊಂಡು ಹೊರಗೆ ಬಂದು, ಬೀದಿ ದಾಟಿ, ಹೊಂಗೆಮರದ ಕೆಳಗೆ ಕೂತು ಬರೆದುಕೊಳ್ಳಬೇಕು. "ಪೆನ್ನು ಕಂಡರೆ ಜನಕ್ಕೆ ಪೊಲೀಸು ಕಂಡ ಹಾಗೆ" ಎನ್ನುತ್ತಿದ್ದರು. ಏನು ಔಷಧ ಕೊಡ್ತೀರಿ ಎಂದು ನೇರವಾಗಿ ಕೇಳುವ ಹಾಗೂ ಇರಲಿಲ್ಲ. "ಮಗು ಎಷ್ಟೊತ್ತು ಮಲಗುತ್ತೆ?" ಎಂದಷ್ಟೇ ಕೇಳಬೇಕು, ಆಮೇಲೆ ಸುಮ್ಮನಿರಬೇಕು. ಸುಮ್ಮನಿರುವುದು ನನಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಎಷ್ಟೋ ಸಲ ಅವರು ನನ್ನ ತೊಡೆ ಚಿವುಟಿ ಕಲಿಸಿದರು.

ಮೊದಲನೆಯ ದಿನವೇ ಡಾಕ್ಟರಮ್ಮ ಬೀದಿಯ ನಡುವೆ ನಿಂತುಬಿಟ್ಟರು. "ಏನಮ್ಮಾ?" ಎಂದೆ. "ಇಷ್ಟು ಮನೆಗಳಿವೆ, ಪ್ರತಿ ಮನೇಲೂ ಮಗು. ಒಂದಾದರೂ ಅಳ್ತಿದೆಯಾ ಕೇಳು" ಎಂದರು. ಅಳುತ್ತಿರಲಿಲ್ಲ. ಬಿಸಿಲು ಏರುವ ಹೊತ್ತು, ತಾಯಂದಿರು ಗಿರಣಿಯಲ್ಲಿ, ಕೂಸುಗಳೆಲ್ಲ ತೊಟ್ಟಿಲಲ್ಲಿ, ಜೋಲಿಯಲ್ಲಿ ನಿದ್ದೆ. ಒಂದೊಂದು ಮನೆಯಲ್ಲಿ ಕಣ್ಣು ಕಾಣದ ಒಬ್ಬ ಮುದುಕಿ ಕಾವಲು. 

ಆ ನಿದ್ದೆಗೆ ಕಾರಣ ಅಫೀಮು. ಆಗ ಪರವಾನಗಿಯ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿತ್ತು. ಅಜ್ಜಿಯರು ಅದನ್ನು ಉಂಡೆಗಟ್ಟಿ, ತಾಯಿಹಾಲಿನಲ್ಲಿ ತೇದು ನೆಕ್ಕಿಸುತ್ತಿದ್ದರು. ಅಳತೆಗೆ ಅಡುಗೆಮನೆಯ ಕಾಳುಗಳೇ ಲೆಕ್ಕ: ಎಳೆಗೂಸಿಗೆ ರಾಗಿಕಾಳಿನಷ್ಟು, ಅಂಬೆಗಾಲಿಡುವ ಮಗುವಿಗೆ ಅದಕ್ಕಿಂತ ದಪ್ಪದ ಕಾಳು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಅಳತೆ. ಅದನ್ನು ಯಾರೂ ವಿಷವೆಂದುಕೊಂಡಿರಲಿಲ್ಲ. "ಗುಳಿಗೆ" ಎನ್ನುತ್ತಿದ್ದರು, ಅಷ್ಟೆ. ನಿದ್ದೆಯಲ್ಲೇ ಹಾಲು ಬಿಟ್ಟು ಸೊರಗಿದ ಮಕ್ಕಳು ಕೆಮ್ಮು ಬಂದರೂ ಕೆಮ್ಮುತ್ತಿರಲಿಲ್ಲ. ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ನಮ್ಮ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ.

ಸಾಕಮ್ಮ ಸಿಕ್ಕಿದ್ದು ಒಂದು ಭಾನುವಾರ. ಗಿರಣಿಯಲ್ಲಿ ನೂಲು ಸುತ್ತುವ ಕೆಲಸದವಳು, ಒಣಗಿದ ಮೈ, ಚುರುಕು ಬಾಯಿ. ಮಡಿಲಲ್ಲಿ ಗಂಡುಕೂಸು. ಡಾಕ್ಟರಮ್ಮ ತಮ್ಮ ಪ್ರಶ್ನೆ ಕೇಳಿ ಸುಮ್ಮನೆ ಕೂತರು. ಸಾಕಮ್ಮ ಅವರನ್ನೇ ನೋಡಿದಳು.

"ಗುಳಿಗೆ ಕೊಡ್ತೀಯಾ ಅಂತ ಕೇಳೋಕೆ ತಾನೆ ಬಂದಿರೋದು? ಕೊಡ್ತೀನಿ. ಅತ್ತೆ ಇದ್ದಿದ್ರೆ ಕೂಸ್ನ ನೋಡ್ಕೊಳೋರು, ಕೊಡ್ತಿರ್ಲಿಲ್ಲ. ಸತ್ತೋಗ್ಬುಟ್ರು."

"ಮಗೂಗೆ ಮೈ ಸರಿಯಿಲ್ಲದಾಗ ನಮ್ಮ ಹತ್ರ ಯಾಕೆ ತರೋಲ್ಲ, ಸಾಕಮ್ಮ?"

"ಎಂಗೆ ತರ್ಲಿ? ನೀವು ಬಾಗ್ಲು ತಗ್ಯೋ ಒತ್ಗೆ ನಾನು ಮಿಲ್ಲೊಳಗೆ. ನೀವು ಬಾಗ್ಲು ಆಕೋ ಒತ್ಗೂ ಮಿಲ್ಲೊಳಗೇ. ನಿಮ್ ಔಸ್ದಿ ಯಾರ್ಗವ್ವಾ ಮಡಗಿರೋದು?"

ನಾನು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ. ತೊಡೆಗೆ ಚಿವುಟು ಬಿತ್ತು. ಡಾಕ್ಟರಮ್ಮ, "ನೀನು ಹೇಳ್ತಿರೋದು ಸರಿ. ಇದನ್ನ ಹೇಳಬೇಕಾದವರಿಗೆ ಹೇಳ್ತೀನಿ. ನೀನು ಬಾಯಿಬಿಟ್ಟು ಹೇಳಿದ್ದರಿಂದ ನಿನಗೆ ಯಾವ ಕೆಡುಕೂ ಆಗೋಲ್ಲ, ಇದು ನನ್ನ ಮಾತು" ಎಂದರು. ಹೊಂಗೆಮರದ ಕೆಳಗೆ ಕೂತಾಗ ಅವರು ಬೇರೇನನ್ನೂ ಬರೆಯದೆ ಸಾಕಮ್ಮನ ಆ ಒಂದು ಪ್ರಶ್ನೆಯನ್ನೇ ಮತ್ತೆ ಮತ್ತೆ ಹೇಳಿಕೊಂಡರು. ಹೆಂಗಸೆಂದರೆ ಹೀಗಿರಬೇಕು ಎಂದು ದಾರಿಯುದ್ದಕ್ಕೂ ಹೊಗಳಿದರು. ಅವರು ಅಷ್ಟು ಉಲ್ಲಾಸವಾಗಿದ್ದುದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಅವರು ಮೇಲಿನವರ ಮುಂದೆ ಇಟ್ಟ ವರದಿಯಲ್ಲಿ ಎರಡು ಮಾತುಗಳಿದ್ದವು. ಗಿರಣಿ ಬಿಡುವ ಹೊತ್ತಿಗೆ ಡಿಸ್ಪೆನ್ಸರಿಯ ಬಾಗಿಲು ತೆರೆದಿರಬೇಕು, ತಾಯಂದಿರು ಕೆಲಸದಲ್ಲಿರುವಾಗ ಕೂಸುಗಳನ್ನು ನೋಡಿಕೊಳ್ಳಲು ಒಂದು ಜಾಗ ಬೇಕು ಎನ್ನುವುದು ಮೊದಲನೆಯದು. ಅದು ಆದ ಮೇಲೆ ಗುಳಿಗೆಯನ್ನು ನಿಧಾನವಾಗಿ ಬಿಡಿಸಬೇಕು ಎನ್ನುವುದು ಎರಡನೆಯದು. ಸಾಹೇಬರುಗಳು ಎರಡನೆಯದನ್ನು ಓದಿ ಹೌಹಾರಿದರು. ಯಾವ ಬೀದಿ, ಯಾವ ಮನೆ ಎಂದು ಕೇಳಿದರು. ಡಾಕ್ಟರಮ್ಮ ಹೇಳಲಿಲ್ಲ. ಹೇಳದಿದ್ದರೇನು! ಗಿರಣಿ ಕಡೆಯವರಿಗೆ ಅಫೀಮು ಮಾರಕೂಡದೆಂದು ಆ ಭಾಗದ ಅಂಗಡಿಗೆ ಬೀಗ ಬಿತ್ತು. ಗಿರಣಿಯ ಗೇಟಿನಲ್ಲಿ ಪೇದೆಯೊಬ್ಬ ನಿಂತು ಹೆಂಗಸರ ಬುತ್ತಿಗಂಟನ್ನು ಬಿಚ್ಚಿ ನೋಡತೊಡಗಿದ. ಮೊದಲನೆಯ ಮಾತಿನ ಬಗ್ಗೆ, ಸಂಜೆ ಹೊತ್ತು ಕಂಪೌಂಡರ್ ಸಿಗುವುದು ಕಷ್ಟ, ಮುಂದೆ ನೋಡೋಣ ಎಂದರು. ಆ ದಿನ ಕನ್ನಡಕ ಮೇಜಿನ ಮೇಲೆ ಸಂಜೆಯವರೆಗೂ ಇತ್ತು. ಆದರೆ ಅವರು ಯಾರನ್ನೂ ಬೈಯಲಿಲ್ಲ.

ನಾವು ಮತ್ತೆ ಆ ಬೀದಿಗೆ ಹೋದಾಗ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಮಜ್ಜಿಗೆ ಕೊಟ್ಟಿದ್ದ ಮುದುಕಿಯೇ, "ನಮ್ ತಾವ ಏನೂ ಇಲ್ಲ ಕಣ್ರವ್ವ, ಓಗಿ" ಎಂದಳು. ಆದರೂ ಕೂಸುಗಳು ಅಳುತ್ತಿರಲಿಲ್ಲ. ಅಂಗಡಿ ಮುಚ್ಚಿದರೆ ಗಿರಣಿಯ ಕೆಲಸದ ಹೊತ್ತು ಕಡಿಮೆಯಾಗುತ್ತದೆಯೇ? ಯಾವನೋ ಸೈಕಲ್ಲಿನವನು ಬಂದು ಕದ್ದು ಮಾರುತ್ತಿದ್ದ. ಅವನ ಸರಕಿನಲ್ಲಿ ಏನಿತ್ತೋ ಯಾರಿಗೆ ಗೊತ್ತು. ಅಂಗಡಿಯದಕ್ಕಿಂತ ಬಹಳ ತೀಕ್ಷ್ಣವಾಗಿತ್ತು ಎನ್ನುವುದು ನಮಗೆ ಗೊತ್ತಾದದ್ದು ಸಾಕಮ್ಮನ ಮನೆಯಲ್ಲಿ.

ಅವಳು ತಪ್ಪೇನೂ ಮಾಡಿರಲಿಲ್ಲ. ಅತ್ತೆ ಕಲಿಸಿದ ಅಳತೆಯನ್ನು ಒಂದಿಷ್ಟೂ ಮೀರದೆ, ಅದೇ ರಾಗಿಕಾಳಿನಷ್ಟು ತೇದು ಕೊಟ್ಟು ಕೆಲಸಕ್ಕೆ ಹೋಗಿದ್ದಳು. ಮದ್ದು ಬದಲಾಗಿತ್ತು, ಕಾಳು ಬದಲಾಗಿರಲಿಲ್ಲ. ಸಂಜೆ ಬಂದು ಎಬ್ಬಿಸಿದರೆ ಮಗು ಏಳಲಿಲ್ಲ. ಉಸಿರು ಮಾತ್ರ ಎಲ್ಲೋ ಸಣ್ಣಗೆ ಆಡುತ್ತಿತ್ತು. ಡಾಕ್ಟರಮ್ಮನ ಮನೆಗೆ ಎತ್ತಿಕೊಂಡು ಓಡು ಎಂದು ಪಕ್ಕದವಳು ಹೇಳಿದಳಂತೆ. ಮನೆ ದೂರವೇನಲ್ಲ, ಒಂಟಿಕೊಪ್ಪಲು. ಆದರೆ ಸಾಕಮ್ಮ ಹೊರಡಲಿಲ್ಲ. ಹೇಳಿದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂದು ಹೆದರಿ, ಕೂಸಿನ ಮುಖಕ್ಕೆ ನೀರು ಹಚ್ಚುತ್ತ, ಅಂಗಾಲು ಉಜ್ಜುತ್ತ ಕೂತಳು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುದ್ದಿ ತಿಳಿದು ನಾವು ಹೋದಾಗ ಅವಳು ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು. ಡಾಕ್ಟರಮ್ಮ ಎದುರಿಗೆ ನೆಲದ ಮೇಲೆ ಕೂತರು.

"ನೀವು ಮಾತು ಕೊಟ್ಟಿದ್ರಲ್ಲವ್ವ" ಎಂದಳು ಸಾಕಮ್ಮ.

ಬೀದಿಯ ಹೆಸರು ಹೇಳಲಿಲ್ಲ, ಅಂಗಡಿ ಮುಚ್ಚಿಸಿದ್ದು ನಾನಲ್ಲ ಎಂದು ಅವರು ಹೇಳಬಹುದಿತ್ತು. ನನ್ನ ನಾಲಿಗೆಯ ತುದಿಯಲ್ಲೇ ಇತ್ತು ಅದು. ಅವರು, "ಹೌದು ಸಾಕಮ್ಮ, ಕೊಟ್ಟಿದ್ದೆ" ಎಂದರು.  ಹಿಂದಿರುಗುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ನಿಮ್ಮ ತಪ್ಪೇನಿತ್ತಮ್ಮಾ? ಅರ್ಧ ಕೇಳಿ ಅರ್ಧ ಬಿಟ್ಟವರ ತಪ್ಪು" ಎಂದು ಕೂಗಾಡಿದೆ. "ಅವರು ಅರ್ಧ ಕೇಳೋ ಜನ ಅಂತ ನನಗೆ ಗೊತ್ತಿತ್ತು ಕಣೆ. ಗೊತ್ತಿದ್ದೂ ಇಡೀ ಮಾತನ್ನ ಅವರ ಕೈಗೆ ಕೊಟ್ಟೆ" ಎಂದರು. ಅದು ನ್ಯಾಯದ ಮಾತಲ್ಲವೆಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ನಾವು ಹೋಗಿ ಕೇಳದೇ ಇದ್ದಿದ್ದರೆ ಆ ಬೀದಿಯ ಮಕ್ಕಳು ಮೊದಲಿನ ಹಾಗೆಯೇ ಸದ್ದಿಲ್ಲದೆ ಸವೆದುಹೋಗುತ್ತಿದ್ದವು. ಆದರೆ ಸಾಕಮ್ಮನಿಗೆ ಹೋಗಿ ಇದನ್ನು ಹೇಳುವ ಬಾಯಿ ನನಗೂ ಇರಲಿಲ್ಲ.

ಆ ವಾರವೇ ಡಾಕ್ಟರಮ್ಮ ತಮ್ಮ ಮನೆಯ ಜಗುಲಿಗೆ ಒಂದು ಬೆಂಚು, ಒಂದು ಕುರ್ಚಿ ಹಾಕಿಸಿದರು. ಗಿರಣಿ ಕೂಗಿ ಹೆಂಗಸರು ಆ ದಾರಿಯಾಗಿ ಮನೆಗೆ ಹೋಗುವ ಹೊತ್ತಿಗೆ ಬಾಗಿಲು ತೆರೆದು ಕುರ್ಚಿಯಲ್ಲಿ ಕೂರುತ್ತಿದ್ದರು. ಹಗಲೆಲ್ಲ ಡಿಸ್ಪೆನ್ಸರಿ, ಸಂಜೆ ಇದು. ಯಾರೂ ಬರಲಿಲ್ಲ. ಹೆಂಗಸರು ಎದುರು ಬದಿಗೆ ದಾಟಿಕೊಂಡು, ಸೆರಗು ಎಳೆದುಕೊಂಡು ಹೋಗುತ್ತಿದ್ದರು. ಬೇಸಗೆ ಕಳೆದು ಮಳೆಗಾಲ ಬಂತು. ನಾನು, "ಸಾಕು ಬಿಡಿಯಮ್ಮ, ಇವರು ಬರೋಲ್ಲ" ಎಂದೆ. "ಅವರು ನನ್ನನ್ನ ನಂಬಿ ಒಂದು ಸಲ ಬಾಯಿಬಿಟ್ಟರು. ಈಗ ಕಾಯೋ ಸರದಿ ನನ್ನದು" ಎಂದರು. ಕೊನೆಗೊಂದು ದಿನ ಜ್ವರದ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬಳು ಮೆಟ್ಟಿಲು ಹತ್ತಿದಳು. "ಗುಳಿಗೆ ಕೊಟ್ಟಿವ್ನಿ, ಯಾರ್ಗೂ ಏಳ್ಬೇಡಿ" ಎಂದಳು. ಆಮೇಲೆ ಇಬ್ಬರು ಬಂದರು. ಆಮೇಲೆ ಬೆಂಚು ಸಾಲದಾಯಿತು. ಅಲ್ಲಿ ಒಂದಕ್ಷರವನ್ನೂ ಬರೆದುಕೊಳ್ಳಲು ಡಾಕ್ಟರಮ್ಮ ಬಿಡಲಿಲ್ಲ. ವರದಿಯನ್ನು ಮುಂದುವರಿಸಿ ಎಂದು ಮೇಲಿನಿಂದ ಕೇಳಿದಾಗ, ತಮಗೆ ಬರೆಯಲು ಬರುವುದಿಲ್ಲ ಎಂದುಬಿಟ್ಟರು.

ಸಾಕಮ್ಮ ಮಾತ್ರ ಬರಲಿಲ್ಲ. ಅವಳಿಗೆ ಮತ್ತೊಂದು ಕೂಸಾಯಿತು, ಹೆಣ್ಣು. ಅದನ್ನು ಸೊಂಟದಲ್ಲಿ ಎತ್ತಿಕೊಂಡು ಭಾನುವಾರಗಳಲ್ಲಿ ಎದುರು ಬದಿಯಲ್ಲೇ ಹೋಗುತ್ತಿದ್ದಳು. ಡಾಕ್ಟರಮ್ಮ ಕರೆಯುತ್ತಿರಲಿಲ್ಲ, ಅವಳು ಮರೆಯಾಗುವವರೆಗೂ ನೋಡುತ್ತಿದ್ದರು. ಕುರ್ಚಿ ಬಿಟ್ಟು ಏಳುವ ಮೊದಲು ದಿನವೂ ಒಂದು ಸಲ ರಸ್ತೆಯ ಆಚೆ ಬದಿಯನ್ನು ನೋಡಿಯೇ ಏಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತ ಡಾಕ್ಟರಮ್ಮ ಎದೆ ಹಿಡಿದುಕೊಂಡರು, ಅಷ್ಟೆ. ಅವರ ಮನೆತನದ ಪದ್ಧತಿಯಂತೆ ದೇಹವನ್ನು ಮಲಗಿಸದೆ, ಹಣೆಗೆ ವಿಭೂತಿ ಬಳಿದು, ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಗಿರಣಿ ಕೂಗಿತು. ಸುದ್ದಿ ಗೊತ್ತಿಲ್ಲದ ಹೆಂಗಸರು ಎಂದಿನಂತೆ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಂಡು ಬಂದರು. ಡಾಕ್ಟರಮ್ಮ ಕೂತೇ ಇದ್ದಾರೆಂದು ಮೆಟ್ಟಿಲು ಹತ್ತಿ, ಹತ್ತಿರ ಬಂದ ಮೇಲೆ ಕಿರುಚಿಕೊಂಡರು.

ಆ ಗದ್ದಲದಲ್ಲಿ ರಸ್ತೆ ದಾಟಿ ಬಂದವಳು ಸಾಕಮ್ಮ. ಕೈ ಹಿಡಿದುಕೊಂಡಿದ್ದ ಮಗಳು ಕೆಮ್ಮುತ್ತಿತ್ತು. ಸಾಕಮ್ಮ ಜಗುಲಿ ಹತ್ತಿದಳು, ಡಾಕ್ಟರಮ್ಮನ ಮುಂದೆ ಬಹಳ ಹೊತ್ತು ನಿಂತಳು, ಕೈ ಮುಗಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಸಂದೆ ಬಾಗ್ಲು ತಗೀತೀರೇನವ್ವ?" ಎಂದು ಕೇಳಿದಳು.

ನಾನು ಡಾಕ್ಟರಲ್ಲ, ಮನೆ ನನ್ನದಲ್ಲ. ಡಾಕ್ಟರಮ್ಮನ ಅಣ್ಣತಮ್ಮಂದಿರು ಅದನ್ನು ಏನು ಮಾಡುತ್ತಾರೋ ತಿಳಿಯದು. ಅವರನ್ನು ಕೇಳದೆಯೇ, "ತಗೀತೀನಿ, ಕರ್ಕೊಂಡು ಬಾ" ಎಂದೆ.