ವಾರ್ನಿಷ್ ಕೆರೆಯದ ತಂತಿಗೆ ಬಂದ ಕೂಗು

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಹಿರಿಯೂರಿನಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು. ತಂತಿ ಸರಿಯಿದ್ದರೆ ಕರೆಂಟು ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ; ನನ್ನ ವೇದಾಂತ ಇಷ್ಟೇ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನಗೆ ಹ್ಯಾಮ್ ರೇಡಿಯೋ ಹುಚ್ಚು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದು, ದೂರದೂರದವರ ಜೊತೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸ ಇದು. ಆಂಟೆನಾ ಕೊಂಡವನಲ್ಲ, ಮೋಟರ್ ಸುತ್ತಿ ಉಳಿದ ತಾಮ್ರದ ತಂತಿಯಲ್ಲೇ ಕಟ್ಟುತ್ತೇನೆ. ಪೇಟೆಯಲ್ಲಿ ಕರೆಂಟ್ ಲೈನಿನ ಗೊರಗೊರ ಜಾಸ್ತಿ. ಅದಕ್ಕೇ ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ, ಹೊಸ ಆಂಟೆನಾ ಪರೀಕ್ಷಿಸಲು ಆದಿವಾಲದ ಹತ್ತಿರ ಪರಿಚಯದ ಕುರಿಗಾರ ಈರಣ್ಣನ ಹೊಲಕ್ಕೆ ಹೋದೆ.

ಈರಣ್ಣ ಇರಲಿಲ್ಲ. ಕುರಿ ಹೊಡೆದುಕೊಂಡು ಹೊಸದುರ್ಗದ ಕಡೆ ಮೇವಿಗೆ ಹೋಗಿದ್ದ. ಕುರಿ ಕೂಡುವ ರೊಪ್ಪದಲ್ಲಿ ಕುಂಟು ಕುರಿ, ಗಬ್ಬದ ಕುರಿ ಒಂದಷ್ಟು ಉಳಿದಿದ್ದವು. ಅವನ ಹೆಂಡತಿ ಕೆಂಚಮ್ಮನ ಮುಖ ಬಾಡಿತ್ತು.

"ಎರಡು ದಿನ ಆತಣ್ಣ, ಫೋನ್ ಸ್ವಿಚಾಫ್ ಐತೆ."

"ಚಾರ್ಜ್ ಇರಲ್ಲ ಬಿಡಮ್ಮ" ಎಂದು ನಾನು ನನ್ನ ಕೆಲಸಕ್ಕೆ ತೊಡಗಿದೆ.

ಎರಡು ಬೇವಿನ ಮರಗಳ ನಡುವೆ ತಂತಿ ಎಳೆದು, ಮಧ್ಯದಿಂದ ಕೇಬಲ್ ಇಳಿಸಿ, ಬ್ಯಾಟರಿ ಮೇಲೆ ರೇಡಿಯೋ ಹಚ್ಚಿದೆ. ಬರೀ ಸುಂಯ್ ಎನ್ನುವ ಸದ್ದು. ಒಂದೇ ಒಂದು ಸ್ಟೇಷನ್ ಇಲ್ಲ. ಗುಂಡಿ ತಿರುಗಿಸಿ ತಿರುಗಿಸಿ ಸಾಕಾಯಿತು. ಹೊತ್ತು ಇಳಿಯುತ್ತಿದ್ದಾಗ ಸ್ಪೀಕರಿನಲ್ಲಿ ಒಬ್ಬ ಗಂಡಸು ಕೂಗಿದ: "ತುರ್ರ್... ತುರ್ರ್... ಹೋ..." ಮೂರು ಸಲ. ಮಾತಿಲ್ಲ, ಕುರಿ ಕರೆಯುವ ಕೂಗು ಮಾತ್ರ.

ಕುರಿಗಾರರಲ್ಲಿ ಒಬ್ಬೊಬ್ಬರ ಕೂಗು ಒಂದೊಂದು ಥರ. ಒಬ್ಬನ ಕೂಗಿಗೆ ಇನ್ನೊಬ್ಬನ ಕುರಿ ತಲೆ ಎತ್ತುವುದಿಲ್ಲ. ಆದರೆ ಈ ಕೂಗಿಗೆ ರೊಪ್ಪದ ಕುರಿಗಳೆಲ್ಲ, ಕುಂಟುವವೂ ಸೇರಿ, ಎದ್ದು ಬೇಲಿಗೆ ಬಂದು ರೇಡಿಯೋ ಕಡೆ ಮುಖ ಮಾಡಿ ಅರಚತೊಡಗಿದವು. ನೀರು ತರುತ್ತಿದ್ದ ಕೆಂಚಮ್ಮ ಬಿಂದಿಗೆ ಕೆಳಗಿಟ್ಟಳು.

"ಅಣ್ಣ, ಅದು ನಮ್ಮನೆಯೋರ ಕೂಗು. ಕರೀತಾ ಅವ್ರೆ. ಹೋಗಾಣ ನಡೀರಿ."

ನಾನು ಏಳಲಿಲ್ಲ. ಯಾವುದೋ ಸ್ಟೇಷನ್ನಿನ ಜಾನಪದ ಕಾರ್ಯಕ್ರಮ ಇರಬೇಕು, ಅಲೆ ಎಲ್ಲೆಲ್ಲಿಂದಲೋ ಬರುತ್ತದೆ ಎಂದು ಅರ್ಧ ಗಂಟೆ ತಿಳಿಹೇಳಿದೆ. ಕತ್ತಲಾಗುತ್ತದೆ, ಹೋಗಬೇಡ, ನಾಳೆ ನೋಡೋಣ ಎಂದೂ ಹೇಳಿದೆ.

"ರೇಡಿಯೋ ನಿಮಗೆ ಗೊತ್ತಿರಬೌದು. ಆ ದನಿ ನನಗೆ ಗೊತ್ತೈತೆ" ಎಂದವಳು ತಮ್ಮನನ್ನು ಕರೆಸಿ, ಅವನ ಬೈಕ್ ಹತ್ತಿ ಹೊರಟೇಬಿಟ್ಟಳು.

ಅವರು ಹೋದ ಮೇಲೆ ಆಂಟೆನಾ ಇಳಿಸಿದೆ. ಮೋಟರ್ ತಂತಿಗೆ ವಾರ್ನಿಷ್ ಬಳಿದಿರುತ್ತದೆ. ತುದಿ ಕೆರೆದು ತಾಮ್ರ ಕಾಣುವಂತೆ ಮಾಡದೆ ಬೆಸುಗೆ ಹಾಕಿದರೆ ಕರೆಂಟು ದಾಟುವುದಿಲ್ಲ. ಅಂಗಡಿಗೆ ಹೊಸದಾಗಿ ಸೇರಿದವರಿಗೆ ನಾನು ಕಲಿಸುವ ಮೊದಲ ಪಾಠ ಅದು. ನಾನೇ ಕೆರೆದಿರಲಿಲ್ಲ. ಮೀಟರ್ ಇಟ್ಟರೆ ಮುಳ್ಳು ಅಲುಗಲಿಲ್ಲ; ಅಂದರೆ ಆಂಟೆನಾ ರೇಡಿಯೋಗೆ ಸೇರಿಯೇ ಇರಲಿಲ್ಲ. ಕೇಬಲ್ಲೇ ಅಷ್ಟಿಷ್ಟು ಅಲೆ ಹಿಡಿದಿರಬಹುದು ಎಂದು ನನ್ನ ಹ್ಯಾಮ್ ಸ್ನೇಹಿತರು ವಾದಿಸುತ್ತಾರೆ. ಇರಲಿ, ಒಪ್ಪಿದೆ. ಆದರೆ ಕೂಗಿದವನ ಹತ್ತಿರ ರೇಡಿಯೋ ಎಲ್ಲಿತ್ತು?

ಮಾರನೆಯ ದಿನ ಬೆಳಗ್ಗೆ ಅಕ್ಕ ತಮ್ಮನಿಗೆ ಈರಣ್ಣ ಸಿಕ್ಕಿದ. ಹೊಸದುರ್ಗದ ಆಚೆ ಪಾಳುಬಿದ್ದ ಕಲ್ಲು ಕ್ವಾರಿಯೊಳಗೆ ಬಿದ್ದು ಕಾಲು ಮುರಿದಿತ್ತು, ಫೋನು ಒಡೆದಿತ್ತು. ಕ್ವಾರಿಯ ಅಂಚಿನಲ್ಲಿ ಕುರಿಗಳು ಗುಂಪಾಗಿ ನಿಂತಿದ್ದರಿಂದ ಗುರುತು ಹತ್ತಿತಂತೆ. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಗೆ ನೋಡಲು ಹೋದಾಗ ಅವನು ನನ್ನ ಕೈ ಹಿಡಿದುಕೊಂಡ. "ಕೂಗಿ ಕೂಗಿ ಗಂಟಲು ಕಟ್ಟೋಗಿತ್ತು ಸರ್. ಭಾನುವಾರ ಹೊತ್ತಿಳಿಯೋ ಹೊತ್ನಾಗೆ ಮೂರು ಸಲ ಕೂಗಿ ನಿಲ್ಲಿಸ್ಬಿಟ್ಟೆ. ಯಾರೋ ಕೇಳಿಸ್ಕಂಡ್ರು, ಇನ್ನು ಬರ್ತಾರೆ ಅನ್ನಿಸ್ತು. ನಿಮ್ಮಿಂದ ಉಳಕಂಡೆ."

ಕೆಂಚಮ್ಮ ಪಕ್ಕದಲ್ಲೇ ಇದ್ದಳು. ನಾನು ಅವಳನ್ನು ತಡೆದ ಮಾತನ್ನು ಅವಳು ಎತ್ತಲಿಲ್ಲ. ಆ ಕೂಗು ಹೇಗೆ ಬಂತೋ ಇವತ್ತಿಗೂ ನನಗೆ ತಿಳಿಯದು. ಅದು ನನಗೂ ಕೇಳಿಸಿತ್ತು, ಹೊರಟವಳು ಅವಳು.